ವಿಳಾಸದ ಪದಚ್ಛೇದ

ನಾನು ಕನ್ನಡದ ಮೇಷ್ಟರು. ಇಪ್ಪತ್ತು ವರ್ಷಗಳಿಂದ ಹಳಗನ್ನಡ, ಛಂದಸ್ಸು, ವ್ಯಾಕರಣ ಇವುಗಳ ನಡುವೆ ಬಾಳುತ್ತಿರುವವನು. ಕಂಪ್ಯೂಟರುಗಳ ಜಾಲದ ವಿಷಯವಾಗಿ ಬರೆಯಲು ಇವನಿಗೇನು ಅಧಿಕಾರ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗಿರುವುದು ತಪ್ಪು ಮಾಡಿದವನ ಅಧಿಕಾರ, ಅಷ್ಟೆ.

ನಮ್ಮ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆಯ ಅಂಕಗಳನ್ನು ಕಾಗದದ ಮೇಲೆ ಬರೆದುಕೊಡುವ ಪದ್ಧತಿ ಹೋಗಿ ಕೆಲವು ವರ್ಷಗಳಾದುವು. ವಿಭಾಗದ ಕೋಣೆಯಲ್ಲಿ ಕುಳಿತು, ಕಚೇರಿಯಲ್ಲಿರುವ ದೊಡ್ಡ ಕಂಪ್ಯೂಟರಿಗೆ ನೇರವಾಗಿ ತುಂಬಬೇಕು. ಕಳೆದ ವರ್ಷ ಅದರ ಕಡೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ಅರುವತ್ತೆರಡು ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ. ಐದು ಗಂಟೆಗೆ ಅವಕಾಶ ಮುಗಿಯುತ್ತದೆ. ಆಮೇಲೆ, ಅಂಕ ಬಾರದವರ ಹೆಸರಿನ ಮುಂದೆ ಸೊನ್ನೆ ಬೀಳುತ್ತದೆ. ಕಡೆಯ ದಿನದವರೆಗೆ ಕಾಯುವುದು ನನ್ನ ಹಳೆಯ ದುರಭ್ಯಾಸ. ಅದರ ವಿಷಯ ಇಲ್ಲಿ ಬೇಡ.

ಕಚೇರಿಯ ಕಂಪ್ಯೂಟರು ಸಿಕ್ಕಲಿಲ್ಲ. ಅದನ್ನು ತಲಪಲಾಗುತ್ತಿಲ್ಲವೆಂದು ಪರದೆಯ ಮೇಲೆ ಒಂದು ಸಾಲು ಮೂಡಿತು. ಮತ್ತೆ ಯತ್ನಿಸಿದೆ, ಮತ್ತೆ ಅದೇ ಸಾಲು. ತಂತಿಯೇ ಕಡಿದಿದೆಯೋ ಎಂದು ನೋಡಲು ಅಮೆರಿಕದ ಒಂದು ಗ್ರಂಥಾಲಯದ ಪುಟವನ್ನು ತೆರೆದೆ. ಕಣ್ಣು ಮಿಟುಕಿಸುವುದರೊಳಗೆ ಬಂತು. ಏಳು ಸಮುದ್ರದಾಚೆಯ ಗ್ರಂಥಾಲಯ ಓಗೊಡುತ್ತದೆ. ಅಂಗಳದಾಚೆ ಐವತ್ತು ಹೆಜ್ಜೆ ದೂರದ ಕಚೇರಿ ಓಗೊಡುವುದಿಲ್ಲ. ಇದಕ್ಕೆ ನನ್ನ ಬುದ್ಧಿಗೆ ತೋರಿದ ಅರ್ಥ ಒಂದೇ: ಕಚೇರಿಯವರು ತಮ್ಮ ಯಂತ್ರವನ್ನು ನಿಲ್ಲಿಸಿ ಊಟಕ್ಕೆ ಹೋಗಿದ್ದಾರೆ.

ಎದ್ದು ಹೋದೆ. ಅಲ್ಲಿನ ಗುಮಾಸ್ತರು ನನಗಿಂತ ಹತ್ತು ವರ್ಷ ಹಿರಿಯರು, ಸಾಧು ಸ್ವಭಾವದವರು. "ಇಲ್ಲ ಸಾರ್, ಬೆಳಗಿನಿಂದ ನಡೀತಾನೇ ಇದೆ. ಬೇರೆ ವಿಭಾಗದವರೆಲ್ಲ ತುಂಬಿದ್ದೂ ಆಯ್ತು" ಎಂದರು. ನಾಲ್ಕು ಜನರ ಎದುರಿಗೆ ನಾನು, "ನಿಮ್ಮ ಯಂತ್ರ ಇಲ್ಲ ಅಂತ ನನ್ನ ಯಂತ್ರ ಬರೆದು ತೋರಿಸ್ತಾ ಇದೆ. ಯಂತ್ರ ಸುಳ್ಳು ಹೇಳುತ್ತದೆಯೆ?" ಎಂದುಬಿಟ್ಟೆ. ಅವರು ಮಾತಾಡಲಿಲ್ಲ, ಫೈಲಿನ ಕಡೆಗೆ ತಿರುಗಿದರು.

ನಾಲ್ಕು ಗಂಟೆಯ ಹೊತ್ತಿಗೆ ಕಾಲೇಜಿನ ಜಾಲವನ್ನು ನೋಡಿಕೊಳ್ಳುವ ಹುಡುಗ ಬಂದ. ನನ್ನ ಕಂಪ್ಯೂಟರಿನೊಳಗೆ ಎಲ್ಲಿಯೋ ಹೊಕ್ಕು, 255.255.255.0 ಎಂದಿದ್ದ ಒಂದು ಸಾಲಿನಲ್ಲಿ ಕೊನೆಯ ಸೊನ್ನೆಯನ್ನು ಅಳಿಸಿ 128 ಎಂದು ಬರೆದ. ಕಚೇರಿ ತಟ್ಟನೆ ತೆರೆದುಕೊಂಡಿತು. "ಸಾರ್, ಕಚೇರಿ ಎಲ್ಲೂ ಹೋಗಿರಲಿಲ್ಲ. ನಿಮ್ಮ ಕಂಪ್ಯೂಟರು ಅದನ್ನ ತಪ್ಪು ಬೀದೀಲಿ ಹುಡುಕ್ತಾ ಇತ್ತು" ಎಂದು ನಕ್ಕು ಹೊರಟುಹೋದ. ಐದಕ್ಕೆ ಹತ್ತು ನಿಮಿಷವಿರುವಾಗ ಅರುವತ್ತೆರಡು ಹೆಸರೂ ಮುಗಿದುವು.

ಅಂದು ರಾತ್ರಿ ನನಗೆ ನೆನಪಾದದ್ದು ತರಗತಿಯಲ್ಲಿ ನಾನೇ ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವ ಒಂದು ಪದ: 'ಮನೆಯಲ್ಲಿಲ್ಲ.' ಇದನ್ನು 'ಮನೆಯಲ್ಲಿ ಇಲ್ಲ' ಎಂದು ಬಿಡಿಸಿದರೆ ಮನೆ ಇದೆ, ಮನುಷ್ಯ ಹೊರಗೆ ಹೋಗಿದ್ದಾನೆ. 'ಮನೆ ಅಲ್ಲಿ ಇಲ್ಲ' ಎಂದು ಬಿಡಿಸಿದರೆ ಮನೆಯೇ ಬೇರೆ ಕಡೆ ಇದೆ. ನಾವು ಹುಡುಕುವ ಬೀದಿ ತಪ್ಪು. ಅಕ್ಷರಗಳು ಅವೇ, ಕತ್ತರಿಸುವ ಜಾಗ ಬೇರೆ. ನನ್ನ ಕಂಪ್ಯೂಟರು ಹೇಳಬೇಕಾಗಿದ್ದುದು ಎರಡನೆಯ ಮಾತು, ಹೇಳಿದ್ದು ಮೊದಲನೆಯದು. ಅದನ್ನು ನಂಬಿ ನಾನು ಒಬ್ಬ ಹಿರಿಯರನ್ನು ನೋಯಿಸಿದ್ದೆ. ಈ 'ಕತ್ತರಿಸುವ ಜಾಗ'ದ ಚರಿತ್ರೆ ಏನಿರಬಹುದೆಂದು ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಓದುತ್ತ ಬಂದೆ. ಓದಿದಷ್ಟೂ, ಇದು ಯಂತ್ರಗಳ ಕಥೆಗಿಂತ ಹೆಚ್ಚಾಗಿ ಮನುಷ್ಯರ ಹಂಚಿಕೆಯ ಕಥೆ ಎಂದು ತೋರಿತು.

ಮೊದಲು ವಿಳಾಸದ ಸ್ವರೂಪ. ಇಂಟರ್‌ನೆಟ್ಟಿನ ಹಳೆಯ, ಇಂದಿಗೂ ಬಳಕೆಯಲ್ಲಿರುವ ಕ್ರಮದಲ್ಲಿ ಪ್ರತಿ ಕಂಪ್ಯೂಟರಿಗೂ 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳ ಒಂದು ವಿಳಾಸವಿರುತ್ತದೆ. ನನ್ನದು 192.168.4.150, ಕಚೇರಿಯದು 192.168.4.20. ಹೊರಗೆ ನಾಲ್ಕು ಸಂಖ್ಯೆಯಾಗಿ ಕಂಡರೂ ಒಳಗೆ ಇದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳ 32 ಸ್ಥಾನಗಳ ಸಾಲು. ಛಂದಸ್ಸನ್ನು ಓದಿದವರಿಗೆ ಇದು ಹೊಸದಾಗಿ ತೋರಬಾರದು. ಲಘು, ಗುರು ಎಂಬ ಎರಡೇ ಗುರುತುಗಳಿಂದ ಪ್ರಸ್ತಾರ ಹಾಕಿ, 26 ಅಕ್ಷರಗಳ ಉತ್ಕೃತಿ ಛಂದಸ್ಸಿನಲ್ಲಿ 6,71,08,864 ವೃತ್ತಗಳು ಸಾಧ್ಯವೆಂದು ನಮ್ಮ ಲಾಕ್ಷಣಿಕರು ಎಣಿಸಿದ್ದರು. ಅದೇ ಲೆಕ್ಕವನ್ನು 32 ಸ್ಥಾನಗಳವರೆಗೆ ಬೆಳಸಿದರೆ 4,29,49,67,296 ಬರುತ್ತದೆ. ಈ ಜಾಲದ ವಿಳಾಸಗಳ ಒಟ್ಟು ಮೊತ್ತ ಇಷ್ಟೆ.

ಇಷ್ಟೇ ಏಕೆ? ಈ ಜಾಲದ ಶಿಲ್ಪಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ಆಮೇಲೆ ಹಲವು ಸಲ ಹೇಳಿಕೊಂಡಿರುವಂತೆ, 1977ರಲ್ಲಿ ವಿಳಾಸದ ಉದ್ದ ಎಷ್ಟಿರಬೇಕೆಂದು ವಾದ ನಡೆದು, ಅದು ಮುಗಿಯದೆ ಹೋದಾಗ, ಪ್ರಯೋಗಕ್ಕೆ ಇಷ್ಟು ಸಾಕೆಂದು ಅವರು 32ಕ್ಕೆ ನಿಲ್ಲಿಸಿದರಂತೆ. ಪ್ರಯೋಗ ಅಲ್ಲಿಗೆ ಮುಗಿಯಲಿಲ್ಲ. ಅದೇ ಲೋಕದ ಜಾಲವಾಗಿ ಬೆಳೆಯಿತು.

ಇನ್ನು ಛೇದದ ವಿಚಾರ. ವಿಳಾಸದ ಮೊದಲ ಭಾಗ ಜಾಲದ ಹೆಸರು, ಎಂದರೆ ಬೀದಿ. ಉಳಿದ ಭಾಗ ಆ ಬೀದಿಯ ಮನೆ. ಬೀದಿ ಎಲ್ಲಿ ಮುಗಿದು ಮನೆ ಎಲ್ಲಿ ಆರಂಭವಾಗುತ್ತದೆಂದು ತಿಳಿಯದೆ ಪತ್ರ ಮುಟ್ಟದು. ನಮ್ಮ ಅಂಚೆಯ ಪಿನ್ ಕೋಡನ್ನೇ ನೋಡಿ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಪತ್ರ ವಿಂಗಡಿಸುವ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆಯ ಅಂಚೆಮನೆಯನ್ನೂ ಹೇಳುತ್ತವೆ. ದೂರದ ವಿಂಗಡಣೆಗಾರ ಮೊದಲ ಮೂರನ್ನು ನೋಡಿ ಚೀಲಕ್ಕೆ ಹಾಕುತ್ತಾನೆ. ಉಳಿದುದು ಊರಿನವರಿಗೆ ಬಿಟ್ಟ ವಿಷಯ. ಇಲ್ಲಿ ಛೇದ ಎಲ್ಲ ಕಡೆಯೂ ಒಂದೇ ಸ್ಥಾನದಲ್ಲಿದೆ. ಆದುದರಿಂದ ಅದನ್ನು ಬೇರೆಯಾಗಿ ಹೇಳಬೇಕಾದ ಅಗತ್ಯವಿಲ್ಲ.

ಇಂಟರ್‌ನೆಟ್ಟೂ ಹೀಗೆಯೇ ಆರಂಭಿಸಿತು. 1980ರ ಜನವರಿಯ ಬರಹದಲ್ಲಿ ಮೊದಲ 8 ಸ್ಥಾನ ಜಾಲಕ್ಕೆ, ಮಿಕ್ಕ 24 ಮನೆಗಳಿಗೆ ಎಂದಿತ್ತು. ಎಂದರೆ ಇಡೀ ಲೋಕಕ್ಕೆ ಹೆಚ್ಚೆಂದರೆ 256 ಜಾಲಗಳು. ಅಂದು ಜಾಲವೆಂದರೆ ದೇಶವನ್ನೇ ವ್ಯಾಪಿಸುವ ದೊಡ್ಡ ಏರ್ಪಾಟು ಎಂಬ ಭಾವನೆ ಇತ್ತು. ಒಂದೊಂದು ಕಟ್ಟಡದಲ್ಲಿಯೂ ಒಂದೊಂದು ಜಾಲ ಹುಟ್ಟಲಾರಂಭಿಸಿದಾಗ ಈ ಲೆಕ್ಕ ಸಾಲದಾಯಿತು. 1981ರ ಸೆಪ್ಟೆಂಬರಿನಲ್ಲಿ ಹೊಸ ಕ್ರಮ ಬಂತು. ವಿಳಾಸಗಳನ್ನು ಎ, ಬಿ, ಸಿ ಎಂಬ ಮೂರು ವರ್ಗ ಮಾಡಿದರು. ಎ ವರ್ಗದ ಜಾಲ ನೂರಿಪ್ಪತ್ತೆಂಟರೊಳಗೆ. ಒಂದೊಂದರಲ್ಲಿ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮೀರಿದ ಮನೆ. ಬಿ ವರ್ಗದ ಜಾಲ 16,384. ಒಂದೊಂದರಲ್ಲಿ 65,534 ಮನೆ. ಸಿ ವರ್ಗದ ಜಾಲ ಇಪ್ಪತ್ತು ಲಕ್ಷಕ್ಕೆ ಮೀರಿ. ಒಂದೊಂದರಲ್ಲಿ 254 ಮನೆ ಮಾತ್ರ. ವಿಳಾಸದ ಮೊದಲ ಒಂದೆರಡು ಗುರುತುಗಳನ್ನು ನೋಡಿದೊಡನೆ ಅದು ಯಾವ ವರ್ಗದ್ದೆಂದು ತಿಳಿಯುತ್ತಿತ್ತು. ವರ್ಗ ತಿಳಿದರೆ ಛೇದ ತಿಳಿದ ಹಾಗೆ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ತನ್ನ ಹಳೆಯ ನಡೆಯನ್ನು ಬಿಟ್ಟು ಈ ಕ್ರಮಕ್ಕೆ ಹೊರಳಿತು.

ಅಂಗಡಿಯಲ್ಲಿ ಖಂಡುಗ, ಕೊಳಗ, ಪಾವು ಎಂಬ ಮೂರೇ ಅಳತೆ ಇದ್ದರೆ ಏನಾದೀತೋ ಅದೇ ಇಲ್ಲಿ ಆಯಿತು. ಮುನ್ನೂರು ಕಂಪ್ಯೂಟರಿರುವ ಒಂದು ಸಂಸ್ಥೆಗೆ ಪಾವು ಸಾಲದು. ಕೊಳಗ ಕೇಳಿದರೆ 65,534 ಮನೆಯ ನಿವೇಶನ ಸಿಕ್ಕುತ್ತದೆ. ಅದರಲ್ಲಿ ಮುನ್ನೂರು ಕಟ್ಟಿ ಮಿಕ್ಕುದನ್ನು ಬೀಳುಬಿಡಬೇಕು. ಎಲ್ಲರೂ ಕೊಳಗವನ್ನೇ ಕೇಳಿದರು. ಕೇಳಿದವರಿಗೆಲ್ಲ ಕೊಟ್ಟದ್ದೂ ಆಯಿತು.

ದೊಡ್ಡ ಅಳತೆ ಪಡೆದವರಿಗೆ ಬೇರೆ ತೊಂದರೆ. ಒಂದು ವಿಶ್ವವಿದ್ಯಾನಿಲಯದಲ್ಲಿ ಹತ್ತಾರು ಕಟ್ಟಡ, ಒಂದೊಂದು ಕಟ್ಟಡದಲ್ಲಿ ಒಂದೊಂದು ತಂತಿ. ಹೊರಗಿನ ಲೋಕಕ್ಕೆ ಅದೆಲ್ಲ ಒಂದೇ ಬೀದಿ. ಒಳಗಿನವರಿಗೆ ಹಲವು ಕೇರಿ. ಒಂದೊಂದು ಕೇರಿಗೂ ಬೇರೆ ಬೇರೆ ಜಾಲದ ಸಂಖ್ಯೆ ಕೇಳಿದರೆ, ಲೋಕದ ರೌಟರುಗಳೆಲ್ಲ ಆ ಕೇರಿಗಳ ಹೆಸರನ್ನು ಉರುಹೊಡೆಯಬೇಕು. 1984ರ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆಫ್ರಿ ಮೊಗಲ್ ಇದಕ್ಕೊಂದು ದಾರಿ ಸೂಚಿಸಿದರು. ಹೊರಗಿನವರ ಛೇದ ಇದ್ದ ಹಾಗೆಯೇ ಇರಲಿ. ಒಳಗಿನವರು ಮನೆಯ ಭಾಗವನ್ನು ತಮಗೆ ಬೇಕಾದಲ್ಲಿ ಇನ್ನೊಮ್ಮೆ ಛೇದಿಸಿಕೊಳ್ಳಲಿ. ಊರ ಹೆಸರು ಲೋಕಕ್ಕೆ, ಕೇರಿಯ ಹೆಸರು ಊರಿಗೆ. 1985ರ ಆಗಸ್ಟಿನಲ್ಲಿ ಮೊಗಲ್ ಅವರೂ, ಜಾಲದ ಸಂಖ್ಯೆಗಳ ಕಡತವನ್ನು ವರ್ಷಗಟ್ಟಲೆ ಕಾದುಕೊಂಡು ಬಂದ ಜಾನ್ ಪೋಸ್ಟೆಲ್ ಅವರೂ ಕೂಡಿ ಇದನ್ನು ನಿಯಮವಾಗಿ ಬರೆದರು. ಈ ಒಳಛೇದವನ್ನು ತಿಳಿಸುವ ಗುರುತೇ 'ಸಬ್‌ನೆಟ್ ಮಾಸ್ಕ್'; ನಮ್ಮ ಮಾತಿನಲ್ಲಿ ಮುಸುಕು.

ಮುಸುಕೂ 32 ಸ್ಥಾನಗಳ ಒಂದು ಸಾಲೇ. ಬೀದಿಗೆ ಸೇರಿದ ಸ್ಥಾನಗಳ ಮೇಲೆಲ್ಲ ಒಂದು, ಮನೆಗೆ ಸೇರಿದ ಸ್ಥಾನಗಳ ಮೇಲೆಲ್ಲ ಸೊನ್ನೆ. 255 ಎಂದರೆ ಎಂಟು ಒಂದುಗಳು. ಹೀಗಾಗಿ 255.255.255.0 ಎಂದರೆ 24 ಸ್ಥಾನ ಬೀದಿ, 8 ಸ್ಥಾನ ಮನೆ. ಈ ಕತ್ತರಿಯಿಂದ ನೋಡಿದರೆ ನನ್ನ 150ಕ್ಕೂ ಕಚೇರಿಯ 20ಕ್ಕೂ ಬೀದಿ ಒಂದೇ: 192.168.4. ಆದರೆ ಕೊನೆಯಲ್ಲಿ 128 ಎಂದರೆ ಒಂದು ಸ್ಥಾನ ಹೆಚ್ಚು, 25. ಆಗ 127ರವರೆಗಿನವರದು ಒಂದು ಬೀದಿ, 128ರಿಂದಾಚೆಗಿನವರದು ಇನ್ನೊಂದು. ನಮ್ಮ ಕಾಲೇಜಿನಲ್ಲಿ ಬೇಸಗೆಯ ರಜೆಯಲ್ಲಿ ಈ ಗೋಡೆಯನ್ನು ಎಬ್ಬಿಸಿ, ಕಚೇರಿಯನ್ನು ಒಂದು ಕಡೆ, ವಿಭಾಗಗಳನ್ನು ಇನ್ನೊಂದು ಕಡೆ ಮಾಡಿದ್ದರು. ನನ್ನ ಕಂಪ್ಯೂಟರಿಗೆ ಮಾತ್ರ ಅದನ್ನು ತಿಳಿಸಿರಲಿಲ್ಲ.

ಇಲ್ಲಿ ದಾರಿಪಟ್ಟಿಯ, ಎಂದರೆ ರೌಟಿಂಗ್ ಟೇಬಲ್ಲಿನ, ಮಾತು ಬರುತ್ತದೆ. ಇದು ದೊಡ್ಡ ರೌಟರುಗಳಲ್ಲಿ ಮಾತ್ರವಲ್ಲ, ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಇರುತ್ತದೆ. ನನ್ನದರಲ್ಲಿ ಮುಖ್ಯವಾದುವು ಎರಡೇ ಸಾಲು. ಒಂದು: ನಮ್ಮ ಬೀದಿಯವರಾದರೆ ನೇರವಾಗಿ ಕೂಗಿ ಕರೆ. ಎರಡು: ಮಿಕ್ಕವರ ಪತ್ರವನ್ನೆಲ್ಲ ಬೀದಿಯ ಬಾಗಿಲಲ್ಲಿರುವ ರೌಟರಿನ ಕೈಗೆ ಕೊಡು. ಅಮೆರಿಕದ ಗ್ರಂಥಾಲಯ ನನ್ನ ಬೀದಿಯದಲ್ಲವೆಂಬುದು ಹಳೆಯ ಮುಸುಕಿಗೂ ಗೊತ್ತಿತ್ತು; ಆ ಪತ್ರ ರೌಟರಿಗೆ ಹೋಗಿ ಸುಖವಾಗಿ ಮುಟ್ಟಿತು. ಕಚೇರಿಯನ್ನು ಮಾತ್ರ ಅದು ನೆರೆಮನೆಯೆಂದು ಭಾವಿಸಿ, ರೌಟರನ್ನು ಕೇಳದೆ, ಬೀದಿಯಲ್ಲಿ ನಿಂತು "20ನೆಯ ಮನೆಯವರೇ!" ಎಂದು ಕೂಗಿತು. ಆ ಬೀದಿಯಲ್ಲಿ ಅಂಥ ಮನೆಯೇ ಇಲ್ಲ. ಉತ್ತರ ಬಾರದಿದ್ದಾಗ 'ಮನೆಯಲ್ಲಿಲ್ಲ' ಎಂದು ನನಗೆ ವರದಿ ಮಾಡಿತು. ದೂರದವರು ಹತ್ತಿರವಾಗಿ ಹತ್ತಿರದವರು ದೂರವಾದ ಸೋಜಿಗದ ಗುಟ್ಟು ಇಷ್ಟೇ.

1985ರ ಆ ನಿಯಮದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಇನ್ನೊಂದು ಅಂಶವುಂಟು. ಹೊಸದಾಗಿ ಬಂದ ಯಂತ್ರಕ್ಕೆ ತನ್ನ ಬೀದಿಯ ಎಲ್ಲೆ ತಿಳಿಯದಿದ್ದರೆ ಅದು ಸುತ್ತಲಿನವರನ್ನು 'ಇಲ್ಲಿಯ ಮುಸುಕು ಯಾವುದು?' ಎಂದು ಕೇಳಬಹುದು. ಬಲ್ಲವರು ಉತ್ತರ ಕೊಡಬೇಕು ಎಂದು ಅದರಲ್ಲಿ ಏರ್ಪಾಟು ಮಾಡಿದ್ದರು. ಅದು ಈಗ ಬಳಕೆಯಲ್ಲಿಲ್ಲ. ಅದೇ ಕೆಲಸಕ್ಕೆ ಬೇರೆ ವ್ಯವಸ್ಥೆ ಬಂದಿದೆ. ಆದರೂ, ತಿಳಿಯದಿದ್ದರೆ ಊಹಿಸಬೇಡ, ಕೇಳು ಎಂಬ ಭಾವ ಆ ಒಣ ನಿಯಮದ ನಡುವೆ ಇತ್ತು.

ಒಳಛೇದದಿಂದ ಊರೊಳಗಿನ ಕಷ್ಟ ತೀರಿತು. ಲೋಕದ ಕಷ್ಟ ತೀರಲಿಲ್ಲ. 1990ರಲ್ಲಿ ವ್ಯಾಂಕೂವರಿನಲ್ಲಿ ಜಾಲತಜ್ಞರ ಸಭೆ ಕೂಡಿದಾಗ, ಫ್ರ್ಯಾಂಕ್ ಸೊಲೆನ್ಸ್ಕಿ ಮೊದಲಾದವರು, ವಿತರಣೆ ಹೀಗೆಯೇ ನಡೆದರೆ ಬಿ ವರ್ಗದ ಸಂಖ್ಯೆಗಳು 1994ರ ಮಾರ್ಚಿಗೆ ಮುಗಿಯುತ್ತವೆಂದು ಲೆಕ್ಕ ಹಾಕಿ ತೋರಿಸಿದರು. ಕೊಳಗ ಮುಗಿದರೆ ಹತ್ತು ಪಾವು ಕೊಡೋಣವೆಂದರೆ, ಹತ್ತು ಪಾವಿಗೂ ಲೋಕದ ದಾರಿಪಟ್ಟಿಗಳಲ್ಲಿ ಹತ್ತು ಸಾಲು ಬರೆಯಬೇಕು. ವಿಳಾಸ ಉಳಿಸಿದರೆ ಪಟ್ಟಿ ಉಬ್ಬುತ್ತದೆ. ಪಟ್ಟಿ ಉಳಿಸಿದರೆ ವಿಳಾಸ ಬರಿದಾಗುತ್ತದೆ.

1993ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಕ್ರಮ ಎರಡನ್ನೂ ಒಟ್ಟಿಗೆ ನಿವಾರಿಸಿತು. ಎ, ಬಿ, ಸಿ ಎಂಬ ವರ್ಗಗಳನ್ನೇ ತೆಗೆದುಹಾಕಿದರು. ಊರೊಳಗಿನವರು ಮಾಡಿಕೊಂಡಿದ್ದ ಸ್ವತಂತ್ರ ಛೇದವನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಇನ್ನು ಮೇಲೆ ವಿಳಾಸದ ಪಕ್ಕದಲ್ಲಿ ಒಂದು ಓರೆಗೆರೆ ಎಳೆದು ಛೇದದ ಸ್ಥಾನವನ್ನು ಬರೆಯಬೇಕು: /24, /22, /19, ಯಾವುದಾದರೂ ಸರಿ. ಮುನ್ನೂರು ಮನೆಯವನಿಗೆ 512ರ ಅಳತೆ ಸಾಕು. ಒಂದೇ ಕಡೆಯಿಂದ ಬಳಿ ಬಳಿಯಾಗಿ ಕೊಟ್ಟ ಎಂಟು ಪಾವುಗಳನ್ನು ಹೊರಗಿನವರಿಗೆ ಒಂದೇ ಸಾಲಿನಲ್ಲಿ ಹೇಳಬಹುದು. ಕತ್ತರಿಸಿದ ಕೈಯೇ ಕೂಡಿಸಲೂ ಕಲಿತಂತಾಯಿತು. ಒಂದು ಸಂಸ್ಥೆ ತನ್ನ ಸಾಲುಗಳನ್ನು ಇನ್ನೊಂದು ಸಂಸ್ಥೆಗೆ ತಿಳಿಸುವ ಬಿ.ಜಿ.ಪಿ. ಎಂಬ ಭಾಷೆ ಅದಾಗಲೇ ಇತ್ತು. 1989ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬಿಬ್ಬರು ಊಟದ ಮೇಜಿನ ಬಳಿ, ಕೈ ಒರಸುವ ಕಾಗದದ ಮೇಲೆ ಅದರ ರೂಪರೇಷೆಯನ್ನು ಬರೆದರು. ಅದನ್ನೇ ಪರಿಷ್ಕರಿಸಿ ಛೇದದ ಸ್ಥಾನವನ್ನೂ ಹೇಳುವಂತೆ ಮಾಡಿದರು. ಇಂದಿಗೂ ಲೋಕದ ದಾರಿಪಟ್ಟಿಗಳು ಮಾತಾಡುವುದು ಆ ಭಾಷೆಯನ್ನೇ.

ಛೇದ ಸ್ವತಂತ್ರವಾದ ಮೇಲೆ ಒಂದು ಹೊಸ ಪ್ರಶ್ನೆ ಎದ್ದಿತು. ಒಂದೇ ವಿಳಾಸಕ್ಕೆ ಪಟ್ಟಿಯಲ್ಲಿ ಎರಡು ಸಾಲು ಹೊಂದಿದರೆ ಯಾವುದನ್ನು ನಂಬಬೇಕು? ಹೆಚ್ಚು ಸ್ಥಾನಗಳನ್ನು ಹೊಂದಿಸಿ ಹೇಳುವ ಸಾಲೇ ಪ್ರಮಾಣ ಎಂಬುದು ನಿಯಮ. 'ಮೈಸೂರಿನ ಪತ್ರವೆಲ್ಲ ಇತ್ತ' ಎಂಬ ಸಾಲಿಗಿಂತ 'ಮೈಸೂರಿನ ಇಂಥ ಬೀದಿಯ ಪತ್ರ ಅತ್ತ' ಎಂಬ ಸಾಲು ಮೇಲು. ನ್ಯಾಯವಾಗಿ ತೋರುವ ನಿಯಮ. ಆದರೆ ಹೇಳುವವನು ಆ ಬೀದಿಯ ಒಡೆಯನೇ ಎಂಬುದನ್ನು ಅದು ವಿಚಾರಿಸುವುದಿಲ್ಲ.

ಇದರ ಫಲವನ್ನು ಲೋಕ 2008ರ ಫೆಬ್ರವರಿ 24ರಂದು ಕಂಡಿತು. ಯೂಟ್ಯೂಬ್ ತನ್ನ 1,024 ವಿಳಾಸಗಳನ್ನು 208.65.152.0/22 ಎಂಬ ಒಂದೇ ಸಾಲಿನಲ್ಲಿ ಸಾರಿತ್ತು. ಪಾಕಿಸ್ತಾನದ ಸರ್ಕಾರ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಆಜ್ಞೆ ಮಾಡಿತು. ಅಲ್ಲಿಯ ಪಾಕಿಸ್ತಾನ್ ಟೆಲಿಕಾಂ, ಆ ವಿಳಾಸಗಳ ಪೈಕಿ 256ನ್ನು ಒಳಗೊಂಡ 208.65.153.0/24 ಎಂಬ ಇಕ್ಕಟ್ಟಾದ ಸಾಲನ್ನು ತನ್ನದೆಂದು ಸಾರಿತು. ದೇಶದೊಳಗೆ ನಿಲ್ಲಬೇಕಾಗಿದ್ದ ಈ ಸಾಲು ಹಾಂಗ್‌ಕಾಂಗಿನ ಒಂದು ಸಂಸ್ಥೆಯ ಮೂಲಕ ಹೊರಬಿದ್ದು ಲೋಕವನ್ನೆಲ್ಲ ಸುತ್ತಿತು. ರೌಟರುಗಳು ನಿಯಮಕ್ಕೆ ನಿಷ್ಠೆಯಿಂದ 22ನ್ನು ಬಿಟ್ಟು 24ನ್ನು ನಂಬಿದುವು. ಯೂಟ್ಯೂಬಿಗೆ ಹೊರಟ ಪತ್ರಗಳು ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಮುಳುಗಿದುವು. ಯೂಟ್ಯೂಬಿನವರು ತಾವೂ 24 ಎಂದು ಸಾರಿದರು. ಅದು ಸಾಲದೆ ಆ ಭಾಗವನ್ನು ಎರಡು ಹೋಳು ಮಾಡಿ 25 ಎಂದು ಸಾರಿದರು. ಹಾಂಗ್‌ಕಾಂಗಿನ ಸಂಸ್ಥೆ ತಪ್ಪು ಸಾಲನ್ನು ನಿಲ್ಲಿಸುವವರೆಗೆ ಎರಡು ಗಂಟೆಯಷ್ಟು ಹೊತ್ತು ಕಳೆಯಿತು. ನನ್ನ ಕೋಣೆಯ ತಪ್ಪಿಗೂ ಇದಕ್ಕೂ ಜಾತಿ ಒಂದೇ, ಗಾತ್ರ ಬೇರೆ: ಒಂದು ಕಡೆ ಛೇದ ಒಂದು ಸ್ಥಾನ ಹಿಂದೆ ಉಳಿದಿತ್ತು, ಇನ್ನೊಂದು ಕಡೆ ಎರಡು ಸ್ಥಾನ ಮುಂದೆ ಹೋಗಿತ್ತು.

ಪಟ್ಟಿಯ ಉಬ್ಬರವೂ ನಿಂತಿಲ್ಲ. 1994ರ ಹೊತ್ತಿಗೆ ಇಪ್ಪತ್ತು ಸಾವಿರ ಸಾಲುಗಳ ಆಸುಪಾಸಿನಲ್ಲಿದ್ದ ಲೋಕದ ದಾರಿಪಟ್ಟಿ 2014ರ ಆಗಸ್ಟ್ 12ರಂದು ಐದು ಲಕ್ಷ ಹನ್ನೆರಡು ಸಾವಿರವನ್ನು ದಾಟಿತು. ಕೆಲವು ಹಳೆಯ ರೌಟರುಗಳ ನೆನಪಿಗೆ ಅಷ್ಟೇ ಎಲ್ಲೆ ಇದ್ದುದರಿಂದ ಅಂದು ಅನೇಕ ಕಡೆ ಜಾಲ ಕುಂಟಿತು. ಈಗ ಪಟ್ಟಿಯಲ್ಲಿ ಸುಮಾರು ಹತ್ತು ಲಕ್ಷ ಸಾಲುಗಳಿವೆ.

ಇನ್ನು ಹಂಚಿಕೆಯ ಮಾತು. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಜಾಲವಾದ ಅರ್ನೆಟ್ ಆರಂಭವಾದದ್ದು 1986ರಲ್ಲಿ. ಅದರಲ್ಲಿ ಮೊದಲು ಕೂಡಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ಟು ದೊರೆತದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಖಂಡುಗದ ಅಳತೆಗಳು ಬಹುಪಾಲು ಅಮೆರಿಕದ ಸಂಸ್ಥೆಗಳ ಕಣಜ ಸೇರಿದ ಮೇಲೆ ನಾವು ಪಂಕ್ತಿಗೆ ಕುಳಿತೆವು. ಯಾರೂ ಕದ್ದದ್ದಲ್ಲ; ಅಂದು ಕೇಳುವವರು ಕಡಮೆ, ಕೊಡುವ ಅಳತೆ ದೊಡ್ಡದು. ಆದರೂ ಒಂದೊಂದು ಖಂಡುಗ ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಬೀಳುಬಿದ್ದಿದ್ದಾಗ, ಕೋಟ್ಯಂತರ ಜನರಿರುವ ದೇಶಗಳು ಪಾವಿಗೆ ಕಾಯಬೇಕಾಯಿತು. 2011ರ ಫೆಬ್ರವರಿ 3ರಂದು ಲೋಕದ ಮೂಲ ಕಣಜದಲ್ಲಿ ಉಳಿದಿದ್ದ ಕಡೆಯ ಐದು ಖಂಡುಗಗಳನ್ನು ಭೂಮಿಯ ಐದು ವಲಯಗಳಿಗೆ ಒಂದೊಂದರಂತೆ ಹಂಚಿ ಬಾಗಿಲು ಮುಚ್ಚಿದರು.

ಈ ಕಥೆಯಲ್ಲಿ ಎರಡು ವಿಶ್ವವಿದ್ಯಾನಿಲಯಗಳ ನಡೆ ನೆನಪಿಡತಕ್ಕದ್ದು. ಸ್ಟ್ಯಾನ್‌ಫರ್ಡಿಗೆ 36ರಿಂದ ಆರಂಭವಾಗುವ ಇಡೀ ಖಂಡುಗವಿತ್ತು. ಅದನ್ನು 2000ನೆಯ ಇಸವಿಯಲ್ಲಿ ಹಿಂದಕ್ಕೆ ಕೊಟ್ಟರು. ತಮ್ಮ ಕಂಪ್ಯೂಟರುಗಳಿಗೆಲ್ಲ ಹೊಸ ವಿಳಾಸ ಬರೆದುಕೊಳ್ಳುವ ಶ್ರಮವನ್ನು ತಾವೇ ಹೊತ್ತರು. ಹತ್ತು ವರ್ಷದ ಮೇಲೆ, 2010ರಲ್ಲಿ, ಅದು ಭಾರತವೂ ಸೇರಿದ ಏಷ್ಯಾ ಪೆಸಿಫಿಕ್ ವಲಯದ ಪಾಲಿಗೆ ಬಂತು. 18ರ ಖಂಡುಗವನ್ನು ಪಡೆದಿದ್ದ ಎಂ.ಐ.ಟಿ. 2017ರಲ್ಲಿ, ತನ್ನಲ್ಲಿ ಒಂದು ಕೋಟಿ ನಲವತ್ತು ಲಕ್ಷ ವಿಳಾಸಗಳು ಬಳಕೆಯಾಗದೆ ಉಳಿದಿವೆಯೆಂದು ಹೇಳಿ, ಎಂಬತ್ತು ಲಕ್ಷವನ್ನು ಮಾರುವುದಾಗಿ ಪ್ರಕಟಿಸಿತು. ಮಾರುವುದು ತಪ್ಪೆಂದು ನಾನು ಹೇಳಲಾರೆ. ಆ ಹಣವನ್ನು ತನ್ನ ಜಾಲದ ಸುಧಾರಣೆಗೆ ಬಳಸುವುದಾಗಿ ಅದು ತಿಳಿಸಿತ್ತು. ಆದರೆ ಮನಸ್ಸು ನೆನೆಯುವುದು ಸ್ಟ್ಯಾನ್‌ಫರ್ಡನ್ನು.

ಕೊರತೆಯಲ್ಲಿ ಬಾಳುವವರು ಉಪಾಯ ಕಂಡುಕೊಳ್ಳುತ್ತಾರೆ. 1996ರ ಫೆಬ್ರವರಿಯ ನಿಯಮದಂತೆ ಮೂರು ಗುಂಪಿನ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಬಹುದು; ಹೊರಗೆ ಅವಕ್ಕೆ ಬೆಲೆಯಿಲ್ಲ. ಬೆಂಗಳೂರಿನ ಪ್ರತಿಯೊಂದು ಬಡಾವಣೆಯಲ್ಲಿಯೂ ಒಂದು 'ಮೊದಲನೆಯ ಅಡ್ಡರಸ್ತೆ' ಇರುವುದಿಲ್ಲವೆ? ಹಾಗೆ. ನನ್ನ 192.168ರ ವಿಳಾಸ ಅಂಥದು. ಇದೇ ವಿಳಾಸ ಈ ಲೇಖನ ಓದುತ್ತಿರುವವರ ಮನೆಯಲ್ಲಿಯೂ ಇರಬಹುದು. ಬಾಗಿಲ ರೌಟರು ಹೊರಗೆ ಹೋಗುವಾಗ ನಮ್ಮೆಲ್ಲರಿಗೂ ತನ್ನ ಒಂದೇ ಹೆಸರನ್ನು ತೊಡಿಸುತ್ತದೆ. 128 ಸ್ಥಾನಗಳ ಹೊಸ ವಿಳಾಸಕ್ರಮವೂ ಬಂದಿದೆ, ನಿಧಾನವಾಗಿ ಹರಡುತ್ತಿದೆ. ಅಲ್ಲಿ ಕೊರತೆಯ ಮಾತಿಲ್ಲ. ಆದರೆ ಛೇದದ ಮಾತು ಅಲ್ಲಿಯೂ ಇದೆ. ಬೀದಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಮೊದಲಾಯಿತು ಎಂಬುದನ್ನು ಅಲ್ಲಿಯೂ ಹೇಳಿಯೇ ತೀರಬೇಕು.

ಅಂಕಗಳನ್ನು ತುಂಬಿದ ಮರುದಿನ ನಾನು ಕಚೇರಿಗೆ ಹೋಗಿ, ನಾಲ್ಕು ಜನರು ಇರುವ ಹೊತ್ತನ್ನೇ ನೋಡಿಕೊಂಡು, ಗುಮಾಸ್ತರಲ್ಲಿ ಕ್ಷಮೆ ಕೇಳಿದೆ. ತಪ್ಪು ನನ್ನ ಯಂತ್ರದ್ದೆಂದು ಹೇಳಿದೆ. ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಇರಲಿ ಬಿಡಿ ಸಾರ್. ಬೇಸಿಗೆ ರಜದಲ್ಲಿ ವಿಭಾಗಗಳನ್ನೆಲ್ಲ ಬೇರೆ ಮಾಡಿದರಲ್ಲ, ಆಗ ನಿಮ್ಮ ಕೋಣೆಗೆ ಬೀಗ ಹಾಕಿತ್ತು. ಆಮೇಲೆ ಬಂದವರು ಅರ್ಧ ಬದಲಾಯಿಸಿ ಅರ್ಧ ಬಿಟ್ಟುಹೋದರು ಅಂತ ಕಾಣುತ್ತೆ. ನಾನು ಅದನ್ನೇ ಹೇಳೋಣ ಅಂತಿದ್ದೆ. ನೀವು ಕೇಳಲಿಲ್ಲ" ಎಂದರು.